41ನೆಯ ರಾತ್ರಿ

40 ದಿನ ಗಾಂಜಾ ಮುಟ್ಟಿರಲಿಲ್ಲ ನೀನು. 41ನೆಯ ರಾತ್ರಿ ಹಳೇ ರೂಮಿನ ಟೆರೇಸು, ಹಳೇ ಗೆಳೆಯರು, ಕೈಯಿಂದ ಕೈಗೆ ಬಂದ ಜಾಯಿಂಟು, ಎರಡು ದಮ್ಮು.

ತಮ್ಮಾ, ಆ ಎರಡು ದಮ್ಮಿಗಿಂತ ನನಗೆ ಭಯ ಮರುದಿನ ಬೆಳಿಗ್ಗೆ ನಿನ್ನೊಳಗೆ ಎದ್ದ ಮಾತಿನದು: 'ಹೇಗೂ ಕೆಟ್ಟಾಯ್ತು, ಇನ್ನೇನು!' ಅಮೆರಿಕದ ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಟ್, ಜುಡಿತ್ ಗಾರ್ಡನ್ ಜೊತೆ ಸೇರಿ 1985ರಲ್ಲಿ ತಂದ ಪುಸ್ತಕದಲ್ಲಿ ಬೆರಳಿಟ್ಟು ತೋರಿಸಿದ್ದು ಈ ಮಾತನ್ನೇ. ಎಡವುವುದು ಬೇರೆ, ಬೀಳುವುದು ಬೇರೆ. ಎಡವಿದವನು 'ನಾನಿರುವುದೇ ಹೀಗೆ' ಎಂದುಕೊಂಡ ಕ್ಷಣ ನಾಚಿಕೆ ಸುಡತೊಡಗುತ್ತದೆ. ಆ ಉರಿಗೆ ಅವನಿಗೆ ಗೊತ್ತಿರುವ ಮದ್ದು ಮತ್ತದೇ ಹೊಗೆ. ಎರಡು ದಮ್ಮು ಎರಡು ತಿಂಗಳಾಗುವುದು ಹೀಗೆ.

ಬಿಟ್ಟ ಮೊದಲ ವಾರ ನೆನೆದುಕೋ. ನಿದ್ದೆಯಿಲ್ಲದೆ ಹೊರಳಾಡಿದೆ, ಅನ್ನ ಸೇರಲಿಲ್ಲ, ಅಮ್ಮನ ಮೇಲೆ ರೇಗಿದೆ. ಅದನ್ನು ದಾಟಿದವನು ನೀನೇ. ದಿನಾ ಸೇದುವವರ ಮಿದುಳಿನಲ್ಲಿ ಗಾಂಜಾದ ಅಮಲು ಹಿಡಿದುಕೊಳ್ಳುವ ಗ್ರಾಹಕಗಳು ಕುಗ್ಗಿರುತ್ತವೆ. ಬಿಟ್ಟು ಸುಮಾರು 4 ವಾರವಾದರೆ ಬಹುಮಟ್ಟಿಗೆ ಚೇತರಿಸಿಕೊಳ್ಳುತ್ತವೆ ಎಂದು ಸ್ಕ್ಯಾನ್‌ಗಳು ತೋರಿಸಿವೆ. ಆ ದುಡಿಮೆ ಒಂದು ರಾತ್ರಿಯಲ್ಲಿ ನೀರುಪಾಲಾಗುವುದಿಲ್ಲ.

ಹಾಗಾದರೆ ಎಡವಿದ್ದೇಕೆ? ಮೈ ಚೇತರಿಸಿಕೊಂಡರೂ ನೆನಪು ಎಚ್ಚರವಾಗಿತ್ತು. ಲೈಟರಿನ ಸದ್ದು, ಆ ಸೊಪ್ಪಿನ ವಾಸನೆ, ಆ ಮೂಲೆ ಸಾಕಿತ್ತು ಅದಕ್ಕೆ. ಆ ರೂಮಿಗೆ ಚಾರ್ಜರ್ ತರಲು ಹೋದೆ ಎನ್ನುತ್ತೀ. ಚಾರ್ಜರ್ ಅಂಗಡಿಯಲ್ಲೂ ಸಿಗುತ್ತಿತ್ತಲ್ಲ! ಇದನ್ನು ಬೈಯಲು ಹೇಳುತ್ತಿಲ್ಲ. ಮನಸ್ಸು ಮೆಟ್ಟಿಲು ಹತ್ತಿದ್ದು ಜಾಯಿಂಟು ಕಾಣುವುದಕ್ಕೆ ಮುಂಚೆಯೇ; ಮುಂದಿನ ಸಲ ನೀನು ನಿಲ್ಲಬೇಕಾದದ್ದು ಕೆಳಗಿನ ಗೇಟಿನ ಹತ್ತಿರ.

ಆಸೆ ಅಲೆಯ ಹಾಗೆ. ಏರುವಾಗ ಮುಗಿಯುವುದೇ ಇಲ್ಲ ಅನಿಸುತ್ತದೆ, ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಇಳಿಯುತ್ತದೆ. ಆ ಅರ್ಧ ಗಂಟೆ ಒಬ್ಬನೇ ಕೂರಬೇಡ. ನಡೆ, ಅಕ್ಕನಿಗೆ ಫೋನ್ ಮಾಡು. ಮನೆಯವರಿಗೆ ಹೇಳಲಾಗದಿದ್ದರೆ 14416ಕ್ಕೆ ಮಾಡು; ಟೆಲಿ-ಮಾನಸ್ ಸಹಾಯವಾಣಿಯಲ್ಲಿ ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೇಳುವುದಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಚಟ ಬಿಡಿಸುವುದಕ್ಕೆಂದೇ ವಿಭಾಗವಿದೆ.

ಈಗ ಏಳು, ಮುಖ ತೊಳೆದುಕೋ. ಸಂಜೆ ಆ ಟೆರೇಸಿನಿಂದ ಮತ್ತೆ ಫೋನ್ ಬರುತ್ತದೆ. ಆ ಹೊತ್ತಿಗೆ ನೀನು ಎಲ್ಲಿರುತ್ತೀ ಎಂದು ಒಬ್ಬರಿಗಾದರೂ ಈಗಲೇ ಹೇಳಿಡು.