ತಿಂಗಳೊಪ್ಪತ್ತಿನ ಬಿಡಾರ

(ಮುಂಬಯಿಯಲ್ಲಿ ರಾಜ್ಯೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯಿಂದ ನಾಡಿನ ಹಿರಿಮೆಯನ್ನು ಕೊಂಡಾಡುವುದು ವಾಡಿಕೆ. ಅದು ನಡೆಯಬೇಕಾದದ್ದೇ. ಆದರೆ ಈ ಸಲ ನಾವು ಎತ್ತಿಕೊಂಡಿರುವುದು ಬಾಡಿಗೆ, ಊಟ, ವಿದ್ಯುತ್ತು, ರೈಲು ಮುಂತಾದ ಮನೆವಾರ್ತೆಯ ಮಾತು. ಕಂಪ್ಯೂಟರನ್ನು ಚೀಲದಲ್ಲಿಟ್ಟುಕೊಂಡು ಎಲ್ಲಿ ಕುಳಿತಾದರೂ ಕೆಲಸ ಮಾಡಬಲ್ಲ ನಮ್ಮ ಮನೆಗಳ ಹುಡುಗ ಹುಡುಗಿಯರು ಊರೂರು ತಿರುಗುತ್ತ, ಕೈಗೆಟುಕುವ ವೆಚ್ಚದಲ್ಲಿ ಎಲ್ಲಿ ಬಿಡಾರ ಮಾಡಬಹುದು ಎಂಬುದೇ ಇಂದಿನ ವಿಷಯ. ಮೇಲ್ನೋಟಕ್ಕೆ ಇದು ಹಣದ ಲೆಕ್ಕ. ಆ ಲೆಕ್ಕದ ಕೊನೆಯಲ್ಲಿ ನಮ್ಮ ನುಡಿಯ ಪ್ರಶ್ನೆಯೂ ಬರುತ್ತದೆ.

ನಮ್ಮ ಹಿರಿಯರು ಈ ಊರಿಗೆ ಏಕೆ ಬಂದರೆಂಬುದು ಎಲ್ಲರಿಗೂ ತಿಳಿದದ್ದೇ. ಕೆಲಸ ಇಲ್ಲಿತ್ತು, ಬಂದರು. ಹೋಟೆಲಿನಲ್ಲಿ ಹಗಲೆಲ್ಲ ದುಡಿದು ರಾತ್ರಿ ಶಾಲೆಯಲ್ಲಿ ಕನ್ನಡ ಅಕ್ಷರ ಕಲಿತವರು, ಒಂದೇ ಕೋಣೆಯಲ್ಲಿ ಎಂಟು ಮಂದಿ ಸಾಲಾಗಿ ಮಲಗಿದವರು, ಖಾನಾವಳಿಯಲ್ಲಿ ತಿಂಗಳ ಲೆಕ್ಕಕ್ಕೆ ಉಂಡು ಉಳಿದದ್ದನ್ನು ಊರಿಗೆ ಮನಿಯಾರ್ಡರ್ ಮಾಡಿದವರು ಈ ಸಂಘಗಳನ್ನು ಕಟ್ಟಿದರು. ಅನ್ನವಿದ್ದಲ್ಲಿಗೆ ಮನುಷ್ಯ ಹೋಗಬೇಕೆಂಬುದು ಅಂದಿನ ನಿಯಮ. ಅನ್ನವನ್ನೇ ಹೆಗಲಿಗೆ ಹಾಕಿಕೊಂಡು ಬೇಕಾದ ಊರಿಗೆ ಹೋಗಬಹುದೆಂದು ಅಂದು ಯಾರಾದರೂ ಹೇಳಿದ್ದರೆ ನಗುತ್ತಿದ್ದರು.

2020ರ ಮಾರ್ಚಿನಲ್ಲಿ ಕೋವಿಡ್ ಕಾಲದ ಲಾಕ್‌ಡೌನ್ ಬಂದು ಕಚೇರಿಗಳ ಬಾಗಿಲು ಮುಚ್ಚಿದಾಗ ಆ ಮಾತು ನಿಜವಾಯಿತು. ಅದೇ ವರ್ಷದ ನವೆಂಬರಿನಲ್ಲಿ ಕೇಂದ್ರದ ದೂರಸಂಪರ್ಕ ಇಲಾಖೆ ತನ್ನ ಹಳೆಯ ಕಟ್ಟಳೆಗಳನ್ನು ಸಡಿಲಿಸಿ, ಕಾಲ್ ಸೆಂಟರ್ ಮುಂತಾದ ಸೇವಾ ಸಂಸ್ಥೆಗಳ ನೌಕರರು ಮನೆಯಿಂದಷ್ಟೇ ಅಲ್ಲ, ದೇಶದ ಎಲ್ಲಿಂದಲಾದರೂ ಕೆಲಸ ಮಾಡಲು ದಾರಿ ಮಾಡಿಕೊಟ್ಟಿತು. ಈಚೆಗೆ ಅನೇಕ ಕಚೇರಿಗಳು ವಾರದಲ್ಲಿ ಕೆಲವು ದಿನವಾದರೂ ಬರಲೇಬೇಕೆಂದು ಮತ್ತೆ ಕರೆಯುತ್ತಿವೆ. ದಾದಿಯರಿಗೆ, ಬ್ಯಾಂಕಿನ ಕೌಂಟರಿನವರಿಗೆ, ಹೋಟೆಲಿನವರಿಗೆ ಈ ಅನುಕೂಲ ಎಂದೂ ಬರಲಿಲ್ಲ. ಆದರೂ ವರ್ಷಕ್ಕೆ ಒಂದೆರಡು ತಿಂಗಳಾದರೂ ಎಲ್ಲಿಂದಲಾದರೂ ದುಡಿಯಬಲ್ಲವರು ನಮ್ಮಲ್ಲಿ ಸಾಕಷ್ಟು ಮಂದಿ ಇದ್ದಾರೆ. ಅವರನ್ನು ಉದ್ದೇಶಿಸಿಯೇ ಈ ಮಾತು.

ಮೊದಲು ಲೆಕ್ಕ ನೋಡೋಣ. ಪ್ರವಾಸಿ ದಿನದ ಲೆಕ್ಕದಲ್ಲಿ ಇರುತ್ತಾನೆ. ಬಿಡಾರ ಮಾಡುವವನು ತಿಂಗಳ ಲೆಕ್ಕದಲ್ಲಿ. ದಿನಕ್ಕೆ 1,500 ರೂಪಾಯಿಯ ಲಾಡ್ಜಿನ ಕೋಣೆ ಎಂದಿಟ್ಟುಕೊಳ್ಳಿ. ಮೂರು ದಿನಕ್ಕೆ 4,500 ಆಯಿತು, ಭರಿಸಬಹುದು. ಮೂವತ್ತು ದಿನಕ್ಕೆ 45,000. ಊಟ ಬೇರೆ, ತೆರಿಗೆ ಬೇರೆ. ಸಣ್ಣ ಪಟ್ಟಣದಲ್ಲಿ ಆ ಹಣದಲ್ಲಿ ಒಂದು ಸಂಸಾರವೇ ಬಾಡಿಗೆ ಕೊಟ್ಟು ತಿಂಗಳು ಕಳೆಯಬಹುದು. ಆದ್ದರಿಂದ ಅಗ್ಗದ ಊರು ಯಾವುದೆಂದು ಕೇಳುವ ಮೊದಲು, ತಿಂಗಳ ಲೆಕ್ಕದಲ್ಲಿ ಕೋಣೆ ಸಿಗುವ ಊರು ಯಾವುದೆಂದು ಕೇಳಬೇಕು. ಸರಕಾರದ ತೆರಿಗೆಯೂ ಇದೇ ಕಡೆಗೆ ವಾಲುತ್ತದೆ: 2024ರ ಜುಲೈಯಿಂದ, ತಲೆಗೆ ತಿಂಗಳಿಗೆ 20,000 ರೂಪಾಯಿ ಮೀರದ ಹಾಸ್ಟೆಲು, ಪೇಯಿಂಗ್ ಗೆಸ್ಟ್ ವಸತಿಗೆ, ಸತತ 90 ದಿನ ಉಳಿದರೆ, ಜಿ.ಎಸ್.ಟಿ. ಇಲ್ಲ.

ತಿಂಗಳ ಕೋಣೆ ಎಲ್ಲಿ ಸಿಗುತ್ತದೆ? ವಿದ್ಯಾರ್ಥಿಗಳಿರುವ ಊರಿನಲ್ಲಿ. ನಾಲ್ಕಾರು ಕಾಲೇಜುಗಳಿದ್ದಲ್ಲಿ ಬಿಡಿ ಕೋಣೆ ಇರುತ್ತದೆ, ಮಿತ ದರದ ಊಟ ಇರುತ್ತದೆ, ಝೆರಾಕ್ಸ್ ಅಂಗಡಿ ಇರುತ್ತದೆ, ಒಂಟಿಯಾಗಿ ಬಂದ ತರುಣ ತರುಣಿಯರನ್ನು ಸಂಶಯದಿಂದ ನೋಡದ ಮನೆಯವರೂ ಇರುತ್ತಾರೆ. ಪ್ರವಾಸಿಗಳ ಊರಿನಲ್ಲಿ ಇವೆಲ್ಲ ಒಟ್ಟಿಗೆ ಸಿಗುವುದು ಕಷ್ಟ. ಈ ಒಂದು ಸೂತ್ರವನ್ನು ಹಿಡಿದುಕೊಂಡೇ ನಾಡಿನ ಕೆಲವು ಊರುಗಳನ್ನು ನೋಡೋಣ.

ಮೊದಲನೆಯದು ಧಾರವಾಡ. 1917ರಲ್ಲಿ ಕರ್ನಾಟಕ ಕಾಲೇಜು ಬಂದಾಗಿನಿಂದ ಅದು ವಿದ್ಯಾರ್ಥಿಗಳ ಊರು. ಮುಂದೆ ವಿಶ್ವವಿದ್ಯಾನಿಲಯವೂ ಕೃಷಿ ವಿಶ್ವವಿದ್ಯಾನಿಲಯವೂ ಬಂದವು. ಖಾನಾವಳಿಯಲ್ಲಿ ಜೋಳದ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ ಉಂಡು ಬಂದವನಿಗೆ ಮಧ್ಯಾಹ್ನದ ಮೀಟಿಂಗಿನಲ್ಲಿ ನಿದ್ದೆ ಬರುವುದೊಂದೇ ತೊಂದರೆ. ಸಂಜೆ ಕೆಲಸ ಮುಗಿದ ಮೇಲೆ 1890ರಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘಕ್ಕೆ ಹೋದರೆ ಭಾಷಣವೋ ಪುಸ್ತಕ ಬಿಡುಗಡೆಯೋ ಇರುತ್ತದೆ. ಇಲ್ಲಿ ಮುಂಬಯಿ ಮಳೆಯಲ್ಲಿ ಮುಳುಗುತ್ತಿರುವಾಗ ಅಲ್ಲಿ ಮಳೆ ಹದವಾಗಿ ಸುರಿಯುತ್ತದೆ. ಜುಲೈ, ಆಗಸ್ಟ್ ಅಲ್ಲಿಗೆ ಹೋಗಲು ಒಳ್ಳೆಯ ಕಾಲ.

ಎರಡನೆಯದು ಮೈಸೂರು. ವರ್ಷದ ಬಹುಪಾಲು ಹವೆ ಹಿತವಾಗಿರುತ್ತದೆ, ಬೆಂಗಳೂರಿನ ಕಚೇರಿಗೆ ಒಮ್ಮೆ ಮುಖ ತೋರಿಸಿ ಬರಬೇಕಾದರೆ ರೈಲಿನಲ್ಲಿ ಹೋಗಿ ಅದೇ ದಿನ ಹಿಂದಿರುಗಬಹುದು. ಗೋಕುಲಂ ಬಡಾವಣೆಯಲ್ಲಿ ಯೋಗ ಕಲಿಯಲು ಬಂದ ಪರದೇಶದವರು ತಿಂಗಳುಗಟ್ಟಲೆ ಕೋಣೆ ಹಿಡಿಯುವುದು ಬಹಳ ಕಾಲದಿಂದ ನಡೆದುಬಂದಿದೆ. ಆದ್ದರಿಂದ ಅಲ್ಲಿ ದರವೂ ಅವರಿಗೆ ತಕ್ಕಂತೆ ಇರುತ್ತದೆ. ನಮ್ಮಂಥವರು ವಿಶ್ವವಿದ್ಯಾನಿಲಯದ ಹತ್ತಿರ ಸರಸ್ವತೀಪುರಂ, ಕುವೆಂಪುನಗರದ ಕಡೆ ವಿಚಾರಿಸುವುದು ಮೇಲು. ದಸರೆಯ ಹತ್ತು ದಿನ ಮಾತ್ರ ಕೋಣೆ ಹುಡುಕಲು ಹೋಗಬಾರದು.

ಮೂರನೆಯದು ಉಡುಪಿ, ಮಣಿಪಾಲ. 1998ರಲ್ಲಿ ಕೊಂಕಣ ರೈಲು ಪೂರ್ತಿಯಾಗಿ ಓಡಲು ತೊಡಗಿದ ಮೇಲೆ ಮುಂಬಯಿಯವರಿಗೆ ಕರಾವಳಿ ಹತ್ತಿರವಾಯಿತು. ಮಣಿಪಾಲದಲ್ಲಿ ವಿದ್ಯಾರ್ಥಿಗಳ ಕೋಣೆಗಳು ಧಾರಾಳ. ಹೊಸ ತರಗತಿಗಳು ಆರಂಭವಾಗುವ ಹೊತ್ತಿನಲ್ಲಿ ಮಾತ್ರ ನೂಕುನುಗ್ಗಲು. ಅಲ್ಲಿಂದ ಉಡುಪಿಗೆ ಬಸ್ಸಿನಲ್ಲಿ ಹತ್ತಿಪ್ಪತ್ತು ನಿಮಿಷ. ಜೂನಿನಿಂದ ಸೆಪ್ಟೆಂಬರಿನವರೆಗೆ ಅಲ್ಲಿಯ ಮಳೆ, ಗಾಳಿ, ಮರ ಬಿದ್ದು ತಂತಿ ಹರಿಯುವುದು ಇವನ್ನೆಲ್ಲ ನಿಮ್ಮಲ್ಲಿ ಅರ್ಧ ಮಂದಿ ಕಂಡವರೇ. ಅಕ್ಟೋಬರಿನಿಂದ ಫೆಬ್ರವರಿ ಒಳ್ಳೆಯದು.

ಬಯಲುಸೀಮೆಗೆ ಚಳಿಗಾಲದಲ್ಲೇ ಹೋಗಬೇಕು. ವಿಜಯಪುರದಲ್ಲಿ ಕೋಣೆ ಹಿಡಿದರೆ ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳನ್ನು ಒಂದೊಂದು ಭಾನುವಾರ ನೋಡಬಹುದು. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಬಿಸಿಲಿನಲ್ಲಿ ಮನುಷ್ಯನೂ ಕಂಪ್ಯೂಟರೂ ಕೆಲಸ ಮಾಡಲೊಲ್ಲವು. ಹಂಪಿಗೆ ಹೋಗುವವರು ಹೊಸಪೇಟೆಯಲ್ಲಿ ಉಳಿಯಲಿ; ನದಿಯ ಆಚೆಯ ವಿರೂಪಾಪುರ ಗಡ್ಡೆಯಲ್ಲಿದ್ದ ಅಗ್ಗದ ಗುಡಿಸಲು ವಸತಿಗಳನ್ನು ಸುಪ್ರೀಂ ಕೋರ್ಟಿನ ತೀರ್ಪಿನ ಮೇಲೆ 2020ರಲ್ಲೇ ಕೆಡವಿದ್ದಾರೆ. ಕೊಡಗು, ಚಿಕ್ಕಮಗಳೂರಿನ ಹೋಮ್‌ಸ್ಟೇಗಳು ಕಣ್ಣಿಗೆ ಹಬ್ಬವಾದರೂ ದಿನದ ಲೆಕ್ಕದವು. ಮಲೆನಾಡಿನ ಒಳಗಿನ ಊರುಗಳಲ್ಲಿ ಫೋನಿನ ಸಿಗ್ನಲ್ ಗುಡ್ಡವೊಂದರ ಹಿಂದೆ ಸರಿದರೆ ಮತ್ತೆ ಕಾಣುವುದಿಲ್ಲ. ಶಿರಸಿ, ಸಾಗರದಂಥ ಪೇಟೆಯಲ್ಲಿ ಕೋಣೆ ಹಿಡಿದು ರಜೆಯ ದಿನ ಕಾಡಿಗೆ ಹೋಗುವುದು ಜಾಣತನ. ಶಿರಸಿಯಲ್ಲಿ ಎರಡು ವರ್ಷಕ್ಕೊಮ್ಮೆ ಮಾರಿಕಾಂಬೆಯ ಜಾತ್ರೆ ನಡೆಯುವಾಗ ಊರೇ ತುಂಬಿರುತ್ತದೆ.

ಪರದೇಶಕ್ಕೆ ಹೋಗುವ ಆಸೆಯುಳ್ಳವರೂ ಇದ್ದಾರೆ. ಥಾಯ್ಲೆಂಡ್ 2024ರಲ್ಲಿ ಇಂಥವರಿಗೆಂದೇ ಐದು ವರ್ಷದ ವೀಸಾ ತಂದಿತು. ಅದಕ್ಕೆ 5 ಲಕ್ಷ ಬಾಟ್ ಉಳಿತಾಯ ತೋರಿಸಬೇಕು. ಅಷ್ಟುಳ್ಳವರು ಹೋಗಿ ಬರಲಿ. ದೇಶ ಸುತ್ತು, ಕೋಶ ಓದು ಎಂಬ ಗಾದೆ ನಮ್ಮದೇ. ಆದರೆ ವೀಸಾ, ವಿಮಾನ, ತೆರಿಗೆಯ ತಕರಾರು ಏನೂ ಇಲ್ಲದೆ ಹೋಗಬಹುದಾದ ಊರುಗಳು ಒಂದು ರಾತ್ರಿಯ ರೈಲಿನ ದೂರದಲ್ಲಿರುವುದನ್ನು ಮರೆಯಬಾರದು.

ಇನ್ನು ಎಲ್ಲಕ್ಕಿಂತ ಅಗ್ಗದ ಬಿಡಾರ. ಅದು ನಿಮ್ಮಲ್ಲಿ ಅನೇಕರಿಗೆ ಈಗಾಗಲೇ ಉಂಟು, ಬಾಗಿಲಿಗೆ ಬೀಗ ಹಾಕಿದೆ. ಕುಂದಾಪುರ, ಕಾರ್ಕಳ, ಅಂಕೋಲೆ, ಗದಗಿನ ಕಡೆ ಅಜ್ಜನ ಕಾಲದ ಮನೆ. ವರ್ಷಕ್ಕೊಮ್ಮೆ ದೇವರ ಕಾರ್ಯಕ್ಕೆ ತೆಗೆದು ಮೂರನೆಯ ದಿನ ಮುಚ್ಚುವ ಮನೆ. ಹೆಂಚು ಕೈಯಾಡಿಸಿ, ತಂತಿ ಬದಲಿಸಿ, ಒಂದು ಫೈಬರ್ ಸಂಪರ್ಕ ಹಾಕಿಸಿದರೆ ಅದು ವಾಸಕ್ಕೆ ಬರುತ್ತದೆ. ಖರ್ಚನ್ನು ಅಣ್ಣತಮ್ಮಂದಿರ ಮಕ್ಕಳೆಲ್ಲ ಹಂಚಿಕೊಂಡು, ಸರದಿಯಂತೆ ಒಬ್ಬೊಬ್ಬರು ಒಂದೊಂದು ತಿಂಗಳು ಇರಬಹುದು. ಪಾಲಿನ ವ್ಯಾಜ್ಯವಿದ್ದರೆ ಮಾತ್ರ ಮೊದಲು ಹಿರಿಯರು ಕೂತು ಮಾತು ಮುಗಿಸಲಿ. ಮೊಮ್ಮಕ್ಕಳು ಗೋಡೆಗೆ ಸುಣ್ಣ ಹೊಡೆಸಿದ ಮೇಲೆ ದಾಯಾದಿಗಳು ಜಗಳ ತೆಗೆಯುವುದು ಚೆನ್ನಲ್ಲ.

ಹೊರಡುವ ಮುನ್ನ ಗಮನಿಸಬೇಕಾದ ಕೆಲವು ಸಂಗತಿಗಳನ್ನು ಹೇಳಬೇಕು. ಕಚೇರಿಯ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಮೊದಲ ಮೂರು ದಿನ ಲಾಡ್ಜಿನಲ್ಲಿದ್ದು ಕೋಣೆಯನ್ನು ಕಣ್ಣಾರೆ ಕಂಡು ಮುಂಗಡ ಕೊಡಿ. ಚಿತ್ರ ನೋಡಿ ಹಣ ಕಳುಹಿಸಬೇಡಿ. ವಿದ್ಯುತ್ತು ಹೋಗುವ ಹೊತ್ತು ಯಾವುದು, ಇನ್ವರ್ಟರ್ ಉಂಟೇ, ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂಬುದನ್ನು ಮನೆಯ ಯಜಮಾನರಿಗಿಂತ ಪಕ್ಕದ ಕೋಣೆಯವರನ್ನು ಕೇಳಿದರೆ ನಿಜ ತಿಳಿಯುತ್ತದೆ. ಬೇರೆ ಬೇರೆ ಕಂಪನಿಗಳ ಎರಡು ಸಿಮ್ ಇರಲಿ. ಕೂರಲು ಬೆನ್ನಿಗೆ ಆಧಾರವುಳ್ಳ ಕುರ್ಚಿ ಇರಲಿ. ಮಂಚದ ಮೇಲೆ ಕೂತು ತಿಂಗಳು ದುಡಿದವನ ಉಳಿತಾಯ ವೈದ್ಯರ ಪಾಲಾಗುತ್ತದೆ. 2024ರ ನವೆಂಬರಿನಿಂದ ರೈಲಿನ ಮುಂಗಡ ಟಿಕೆಟು 60 ದಿನ ಮೊದಲಷ್ಟೇ ಸಿಗುತ್ತದೆ; ಹಿಂದಿನ 120 ದಿನದ ಲೆಕ್ಕ ಹಿಡಿದು ಕೂರಬೇಡಿ.

ಇನ್ನೊಂದು ಸೂಕ್ಷ್ಮವಿದೆ. ಇಲ್ಲಿಯ ಬಾಡಿಗೆಯನ್ನೂ ಕೊಡುತ್ತ ಅಲ್ಲಿಯ ಬಾಡಿಗೆಯನ್ನೂ ಕೊಟ್ಟರೆ ಯಾವ ಊರೂ ಅಗ್ಗವಲ್ಲ. ತಂದೆ ತಾಯಿಯ ಮನೆಯಲ್ಲಿರುವವರಿಗೆ ಈ ಚಿಂತೆಯಿಲ್ಲ. ಬೇರೆ ಕೋಣೆ ಹಿಡಿದಿರುವವರು, ಇಲ್ಲಿಯ ಹನ್ನೊಂದು ತಿಂಗಳ ಕರಾರು ಮುಗಿದ ಮೇಲೆ ಹೊಸ ಕರಾರಿಗೆ ಸಹಿ ಹಾಕುವ ಮೊದಲು ನಡುವೆ ಎರಡು ಮೂರು ತಿಂಗಳ ಬಿಡುವು ಮಾಡಿಕೊಂಡು ಹೊರಟರೆ ಲೆಕ್ಕ ಸರಿಹೋಗುತ್ತದೆ. ಪೆಟ್ಟಿಗೆಗಳನ್ನು ಇಟ್ಟುಕೊಳ್ಳಲು ಸೋದರಮಾವನ ಮನೆಯಲ್ಲಿ ಒಂದು ಮೂಲೆ ಸಿಕ್ಕೀತು.

ಹೋದ ಊರಿನವರಿಗೆ ನಾವು ಭಾರವಾಗಬಾರದೆಂಬುದನ್ನೂ ಹೇಳಬೇಕು. ಮುಂಬಯಿಯ ಸಂಬಳದವನು ಕೇಳಿದಷ್ಟು ಕೊಡುತ್ತ ಹೋದರೆ ಮುಂದಿನ ವರ್ಷ ಬಡ ವಿದ್ಯಾರ್ಥಿಗೆ ಆ ಕೋಣೆ ಸಿಗುವುದಿಲ್ಲ. ಅಲ್ಲಿಯವರು ಕೊಡುವ ದರವನ್ನು ವಿಚಾರಿಸಿ ಅದನ್ನೇ ಕೊಡುವುದು ನ್ಯಾಯ. ಮನೆಯೊಡತಿಯನ್ನು ಧಾರವಾಡದಲ್ಲಿ ‘ಅಕ್ಕಾರ’ ಎಂದೋ, ಮೈಸೂರಿನಲ್ಲಿ ‘ಅಮ್ಮಾ’ ಎಂದೋ ಕರೆದು ಮಾತನಾಡಿಸಿದರೆ ದರದ ಮಾತು ಅರ್ಧ ಮುಗಿದಂತೆಯೇ.

ಇಲ್ಲಿಗೆ ನುಡಿಯ ಪ್ರಶ್ನೆ ಬಂತು. ನಮ್ಮ ಮಕ್ಕಳು ಮನೆಯಲ್ಲಿ ನಾವಾಡುವ ಕನ್ನಡವನ್ನು ತಿಳಿಯುತ್ತಾರೆ, ಉತ್ತರವನ್ನು ಹಿಂದಿಯಲ್ಲೋ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಕೊಡುತ್ತಾರೆ. ತುಳು, ಕೊಂಕಣಿ ಮನೆಮಾತಿನವರಲ್ಲಿ ಆ ಮಾತುಗಳಿಗೂ ಇದೇ ಗತಿ. ನಾವು ತರಗತಿ ನಡೆಸಿದೆವು, ನಾಟಕ ಆಡಿಸಿದೆವು, ಬಹುಮಾನ ಕೊಟ್ಟೆವು. ಅವೆಲ್ಲ ಬೇಕು. ಆದರೆ ರೊಟ್ಟಿ ಕೇಳಲು, ನೀರು ಬರಲಿಲ್ಲವೆಂದು ದೂರಲು, ಬಸ್ಸು ಯಾವಾಗಲೆಂದು ತಿಳಿಯಲು ಕನ್ನಡವೇ ಬೇಕಾದಾಗ ನಾಲಗೆ ತಾನಾಗಿ ತಿರುಗುತ್ತದೆ. ರಜೆಯ ನಾಲ್ಕು ದಿನದಲ್ಲಿ ಅದು ಆಗದು, ನೆಂಟರು ಉಪಚಾರದಲ್ಲೇ ದಿನ ಕಳೆದುಬಿಡುತ್ತಾರೆ. ತಿಂಗಳ ಬಿಡಾರದಲ್ಲಿ ಆದೀತು. 1956ರ ನವೆಂಬರ್ 1ರಂದು ಒಂದಾದ ನಾಡನ್ನು ನಮ್ಮ ಮಕ್ಕಳು ಭೂಪಟದಲ್ಲಿ ಬಲ್ಲರು. ಅಲ್ಲಿ ಸ್ವಂತ ದುಡಿಮೆಯಿಂದ ಅಕ್ಕಿ ಕೊಂಡು ಬಾಳುವ ಅವಕಾಶ ಮೊದಲ ಬಾರಿ ಅವರಿಗೆ ಒದಗಿದೆ. ಕಚೇರಿಗಳು ಮತ್ತೆ ಪೂರ್ತಿ ಬಾಗಿಲು ತೆರೆದು ಎಲ್ಲರನ್ನೂ ಒಳಗೆ ಕರೆದುಕೊಂಡರೆ ಈ ಅವಕಾಶ ಉಳಿಯಲಾರದು.

ಆದಕಾರಣ ಒಂದು ಸಣ್ಣ ಸೂಚನೆಯನ್ನು ಕಾರ್ಯಕಾರಿ ಸಮಿತಿಯ ಮುಂದಿಡುತ್ತೇವೆ. ನಮ್ಮ ವಾಚನಾಲಯದಲ್ಲಿ ಒಂದು ದಪ್ಪ ವಹಿಯನ್ನು ಇಡೋಣ. ಊರಿಗೆ ಹೋಗಿ ಬಂದವರು ಅದರಲ್ಲಿ ಊರು, ಬಡಾವಣೆ, ಕೊಟ್ಟ ಬಾಡಿಗೆ, ಮುಂಗಡ, ಊಟದ ದರ, ಯಾವ ಸಿಮ್ಮಿಗೆ ಸಿಗ್ನಲ್, ವಿದ್ಯುತ್ತಿನ ಸ್ಥಿತಿ, ಹೋದ ತಿಂಗಳು ಇಷ್ಟನ್ನು ಬರೆಯಲಿ. ಬರೆಯುವುದು ಕನ್ನಡದಲ್ಲಿರಲಿ, ತಪ್ಪಿದ್ದರೂ ಚಿಂತೆಯಿಲ್ಲ. ಬೀಗ ಹಾಕಿದ ಮನೆಯುಳ್ಳವರು ಇತರರಿಗೆ ಕೊಡಲು ಒಪ್ಪಿದರೆ ಅದನ್ನೂ ಬರೆದಿಡಲಿ. ಹಿಂದೆ ಹೊಸದಾಗಿ ಈ ಊರಿಗೆ ಬಂದ ಹುಡುಗನಿಗೆ ಕೋಣೆ, ಖಾನಾವಳಿ ತೋರಿಸಿಕೊಟ್ಟವರು ಸಂಘದ ಹಿರಿಯರು. ಇಲ್ಲಿಂದ ಅತ್ತ ಹೊರಟವರಿಗೂ ಅದೇ ಉಪಕಾರವನ್ನು ಸಂಘ ಮಾಡಲಿ.