ಬೀಟಾ ತಂತ್ರಾಂಶವೂ ಮನೆಯ ಗಣಕಯಂತ್ರವೂ
(ಶಾಲಾ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಮೊನ್ನೆ ಈ ಶಾಲೆಯ ಮೇಲಿನ ತರಗತಿಯ ಕೆಲವು ಹುಡುಗರು ನನ್ನನ್ನು ಕಂಡು, “ಇನ್ನೂ ಬಿಡುಗಡೆಯಾಗದ ವಿಂಡೋಸನ್ನು ಮನೆಯ ಕಂಪ್ಯೂಟರಿನಲ್ಲಿ ಹಾಕಿ ನೋಡಬಹುದೇ ಸಾರ್?” ಎಂದು ಕೇಳಿದರು. ಅವರಲ್ಲೊಬ್ಬನ ತಂದೆಯವರು ಅದೇ ಸಂಜೆ ಸಿಕ್ಕಿ, “ಅವನು ಏನನ್ನೋ ಹಾಕುತ್ತೇನೆನ್ನುತ್ತಾನೆ, ಬೇಡವೆಂದು ತಾವೇ ಬುದ್ಧಿ ಹೇಳಬೇಕು” ಎಂದರು. ಇಬ್ಬರಿಗೂ ಒಟ್ಟಿಗೆ ಉತ್ತರ ಕೊಡಲು ಈ ವೇದಿಕೆಯೇ ಅನುಕೂಲವೆಂದು ಭಾವಿಸಿ ಈ ವಿಷಯವನ್ನು ಆರಿಸಿಕೊಂಡಿದ್ದೇನೆ.

ಗಣಕಯಂತ್ರದ ಅಂಗಾಂಗಗಳನ್ನೆಲ್ಲ ನಡೆಸುವ ಮೂಲ ತಂತ್ರಾಂಶಕ್ಕೆ ಆಪರೇಟಿಂಗ್ ಸಿಸ್ಟಮ್, ಎಂದರೆ ಕಾರ್ಯಾಚರಣ ವ್ಯವಸ್ಥೆ, ಎಂದು ಹೆಸರು. ವಿಂಡೋಸ್, ಮ್ಯಾಕ್‌ಓಎಸ್, ಉಬುಂಟು ಮೊದಲಾದವು ಈ ಜಾತಿಯವು. ಇನ್ನೂ ಪಕ್ವವಾಗದೆ, ಆದರೆ ಹೊರಗಿನವರು ಪರೀಕ್ಷಿಸಲೆಂದು ಬಿಟ್ಟ ಆವೃತ್ತಿಗೆ ಗ್ರೀಕ್ ವರ್ಣಮಾಲೆಯ ಎರಡನೆಯ ಅಕ್ಷರವಾದ ಬೀಟಾ ಎಂಬ ಹೆಸರನ್ನಿಟ್ಟಿದ್ದಾರೆ. ಇದು ಹೊಸ ಪದ್ಧತಿಯಲ್ಲ. 2000ನೆಯ ಇಸವಿಯ ಸೆಪ್ಟೆಂಬರಿನಲ್ಲಿ ಆಪಲ್ ಸಂಸ್ಥೆಯು ಮ್ಯಾಕ್ ಓಎಸ್ ಟೆನ್ ಎಂಬ ವ್ಯವಸ್ಥೆಯ ಬೀಟಾವನ್ನು 29 ಡಾಲರು 95 ಸೆಂಟಿಗೆ ಮಾರಿತು. ದೋಷ ಹುಡುಕಿಕೊಡುವ ಕೆಲಸಕ್ಕೆ ಜನರು ತಾವೇ ಹಣ ತೆತ್ತು ಕುಳಿತರು! ಮೈಕ್ರೋಸಾಫ್ಟ್ 2014ರಲ್ಲಿ ವಿಂಡೋಸ್ ಇನ್‌ಸೈಡರ್ ಎಂಬ ಯೋಜನೆಯನ್ನು ಆರಂಭಿಸಿದ ಮೇಲೆ ವಿಂಡೋಸನ್ನು ಹೀಗೆ ಪರೀಕ್ಷಿಸುವುದು ಮನೆಮಂದಿಗೂ ಸುಲಭವಾಯಿತು.

ನಮ್ಮ ಕಾಸರಗೋಡಿನ ಕೃಷಿಕರು ಅಡಿಕೆಯ ಹೊಸ ತಳಿಯೊಂದು ಬಂದಾಗ ಏನು ಮಾಡುತ್ತಾರೆಂಬುದನ್ನು ನೀವು ಬಲ್ಲಿರಿ. ಫಸಲು ಕೊಡುತ್ತಿರುವ ತೋಟವನ್ನು ಕಡಿದು ಅದನ್ನು ನೆಡುವುದಿಲ್ಲ. ತೋಟದ ಅಂಚಿನಲ್ಲಿ ಹತ್ತು ಸಸಿಗಳನ್ನಿಟ್ಟು ನೋಡುತ್ತಾರೆ. ತಂದೆಯವರ ವ್ಯಾಪಾರದ ಲೆಕ್ಕವೂ ಅಕ್ಕನ ಮದುವೆಯ ಭಾವಚಿತ್ರಗಳೂ ಇರುವ ಕಂಪ್ಯೂಟರು ಫಸಲಿನ ತೋಟ. ಅದರಲ್ಲಿ ಬೀಟಾವನ್ನು ಹಾಕಬಾರದು. ಇಷ್ಟರ ಮಟ್ಟಿಗೆ ಆ ತಂದೆಯವರ ಮಾತೇ ಸರಿ.

ಅವರ ಭಯ ಬರಿಯ ಕಲ್ಪನೆಯಲ್ಲ. 2018ರ ಅಕ್ಟೋಬರ್ 2ರಂದು ವಿಂಡೋಸ್ 10ಕ್ಕೆ ಒಂದು ದೊಡ್ಡ ಪರಿಷ್ಕರಣ ಹೊರಬಂದಿತು. ಇದು ಬೀಟಾ ಅಲ್ಲ, ಪೂರ್ಣ ಬಿಡುಗಡೆಯಾಗಿ ಬಂದದ್ದೆಂಬುದನ್ನು ಗಮನಿಸಿರಿ. ಕೆಲವರು ತಮ್ಮ ದಾಖಲೆಗಳ ಕಡತಕೋಶವನ್ನು ಬೇರೊಂದು ಡ್ರೈವಿಗೆ ತಿರುಗಿಸಿದ್ದರು. ಆದರೆ ಹಳೆಯ ಜಾಗದಲ್ಲಿಯೂ ಕೆಲವು ಕಡತಗಳು ಉಳಿದಿದ್ದವು. ಪರಿಷ್ಕರಣವು ಹಳೆಯ ಕೋಶವು ಇನ್ನು ಅನಾವಶ್ಯಕವೆಂದೆಣಿಸಿ, ಒಳಗಿದ್ದ ಕಡತಗಳ ಸಮೇತ ಅದನ್ನು ಅಳಿಸಿಬಿಟ್ಟಿತು. ಕೆಲವೇ ದಿನಗಳಲ್ಲಿ ವಿತರಣೆಯನ್ನು ತಡೆಹಿಡಿದು, ತಿದ್ದಿ, ನವೆಂಬರ್ 13ರಂದು ಪುನಃ ಬಿಡುಗಡೆ ಮಾಡಿದರು. ಇದಕ್ಕಿಂತ ವಿಷಾದದ ಸಂಗತಿ ಮತ್ತೊಂದಿದೆ. ಬಿಡುಗಡೆಗೆ ಮೊದಲೇ ಪರೀಕ್ಷಕರಲ್ಲಿ ಕೆಲವರು “ನಮ್ಮ ಕಡತಗಳು ಮಾಯವಾದುವು” ಎಂದು ವರದಿ ಮಾಡಿದ್ದರು. ಹೆಚ್ಚು ಜನರು ಅನುಮೋದಿಸದ ಕಾರಣ ಆ ಮಾತು ರಾಶಿಯ ಅಡಿಯಲ್ಲಿ ಹುದುಗಿಹೋಯಿತು. ದೋಷವು ಎಷ್ಟು ಘೋರವಾದುದೆಂಬುದನ್ನೂ ವರದಿಯಲ್ಲಿಯೇ ನಮೂದಿಸುವ ಏರ್ಪಾಡು ಆಮೇಲೆ ಬಂದಿತು.

ಹಾಗಾದರೆ ಅಂಚಿನ ಸಸಿಗಳನ್ನು ಎಲ್ಲಿ ನೆಡುವುದು? ಮನೆಯಲ್ಲಿ ಮೂಲೆ ಸೇರಿದ ಹಳೆಯ ಲ್ಯಾಪ್‌ಟಾಪ್ ಇದ್ದರೆ ಅದಕ್ಕಿಂತ ಉತ್ತಮವಾದುದಿಲ್ಲ. ಆದರೆ ಹೊಸ ವಿಂಡೋಸ್ ಬಹಳ ಹಳೆಯ ಯಂತ್ರಗಳನ್ನು ಒಪ್ಪುವುದಿಲ್ಲ. ಇಲ್ಲದವರು ವರ್ಚುವಲ್‌ಬಾಕ್ಸ್‌ನಂತಹ ಉಚಿತ ತಂತ್ರಾಂಶದಿಂದ ಕಂಪ್ಯೂಟರಿನೊಳಗೇ ಇನ್ನೊಂದು ಮಿಥ್ಯಾ ಕಂಪ್ಯೂಟರನ್ನು ನಿರ್ಮಿಸಿ, ಬೀಟಾವನ್ನು ಅದರೊಳಗೆ ಹಾಕಬಹುದು. ಅದು ಕೆಟ್ಟರೆ ಅಳಿಸಿಹಾಕಿದರಾಯಿತು. ಹೊರಗಿನ ಯಂತ್ರಕ್ಕೆ ಸಾಮಾನ್ಯವಾಗಿ ಬಾಧೆಯಿಲ್ಲ. ಎಂಟು ಜಿಬಿಗಿಂತ ಕಡಿಮೆ ಮೆಮೊರಿಯುಳ್ಳ ಯಂತ್ರದಲ್ಲಿ ಇದು ಆಮೆಯಂತೆ ಸಾಗುತ್ತದೆ, ತಾಳ್ಮೆ ಬೇಕು.

ಕೇರಳದ ಶಾಲೆಗಳ ಕಂಪ್ಯೂಟರುಗಳಲ್ಲಿ ಕೈಟ್ ಸಂಸ್ಥೆಯು ಒದಗಿಸಿರುವ ವ್ಯವಸ್ಥೆಯನ್ನು ಬಳಸಿದ ಮಕ್ಕಳಿಗೆ ಉಬುಂಟು ಅಪರಿಚಿತವಲ್ಲ, ಏಕೆಂದರೆ ಅದರ ಆಧಾರವೇ ಉಬುಂಟು. ಉಬುಂಟುವಿನ ಹೊಸ ಆವೃತ್ತಿ ಪ್ರತಿವರ್ಷ ಏಪ್ರಿಲ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ಬರುತ್ತದೆ. ಅದಕ್ಕೆ ಕೆಲವು ವಾರ ಮೊದಲು ಬೀಟಾ ದೊರೆಯುತ್ತದೆ. ಅದನ್ನು ಪೆನ್ ಡ್ರೈವಿಗೆ ಬರೆದು, ಅಲ್ಲಿಂದಲೇ ಯಂತ್ರವನ್ನು ಚಾಲೂ ಮಾಡಿ, ಹಾರ್ಡ್ ಡಿಸ್ಕಿನಲ್ಲಿ ಸ್ಥಾಪಿಸದೆ ನೋಡಬಹುದು. ಎರಡು ಎಚ್ಚರಗಳು: ಬರೆಯುವಾಗ ಪೆನ್ ಡ್ರೈವಿನಲ್ಲಿ ಮೊದಲಿದ್ದುದೆಲ್ಲ ಅಳಿಸಿಹೋಗುತ್ತದೆ, ತೆರೆಯ ಮೇಲೆ ‘ಪ್ರಯತ್ನಿಸು’, ‘ಸ್ಥಾಪಿಸು’ ಎಂಬ ಆಯ್ಕೆಗಳು ಬಂದಾಗ ಮೊದಲನೆಯದನ್ನೇ ಒತ್ತಬೇಕು. ಅವಸರದ ಬೆರಳಿಗೆ ಈ ಎರಡನೆಯದೇ ದೊಡ್ಡ ಗಂಡಾಂತರ.

ಹೇಗೆ ನೋಡಿದರೂ ಮೊದಲು ಪ್ರತಿ ತೆಗೆದಿಡತಕ್ಕದ್ದು. ಬೇಕಾದ ಕಡತಗಳನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿ, ಒಂದೆರಡನ್ನು ಇನ್ನೊಂದು ಯಂತ್ರದಲ್ಲಿ ತೆರೆದು ನೋಡಿ, ಅನಂತರ ಆ ಡಿಸ್ಕನ್ನು ಕಳಚಿ ಬೀರುವಿನಲ್ಲಿಡಬೇಕು. ತೆರೆದು ನೋಡದ ನಕಲು ನಕಲೇ ಅಲ್ಲ. ಬೀಟಾವನ್ನು ತಯಾರಕರ ಸ್ವಂತ ಜಾಲತಾಣದಿಂದಲ್ಲದೆ ಬೇರೆಡೆಯಿಂದ ಇಳಿಸಿಕೊಳ್ಳಕೂಡದು. ಅದರಲ್ಲಿ ಬ್ಯಾಂಕಿನ ವ್ಯವಹಾರವಂತೂ ಬೇಡವೇ ಬೇಡ. ವಿಂಡೋಸಿನಲ್ಲಿ ಹಿಂದಿನ ಆವೃತ್ತಿಗೆ ಮರಳಲು ಸಾಮಾನ್ಯವಾಗಿ ಹತ್ತೇ ದಿನಗಳ ಅವಕಾಶವುಂಟು. ಅದು ಕಳೆದರೆ ಎಲ್ಲವನ್ನೂ ಅಳಿಸಿ ಹೊಸದಾಗಿ ಸ್ಥಾಪಿಸಬೇಕಾದೀತು.

ಇಷ್ಟು ತೊಂದರೆಯಿದ್ದರೆ ಈ ಗೋಜೇಕೆಂದು ತಾಯಂದಿರು ಕೇಳಬಹುದು. ಕನ್ನಡದ ದೃಷ್ಟಿಯಿಂದ ನನ್ನ ಉತ್ತರವಿದು. ಹೊಸ ಆವೃತ್ತಿಯೊಂದರಲ್ಲಿ ‘ಸ್ವಾತಂತ್ರ್ಯ’ ಎಂಬ ಪದದ ಒತ್ತಕ್ಷರಗಳು ಕೆಳಗೆ ಕೂಡದೆ ಬಿಡಿಬಿಡಿಯಾಗಿ ನಿಂತವೆಂದಿಟ್ಟುಕೊಳ್ಳಿ. ಕನ್ನಡ ಓದಲು ಬಾರದ ಪರೀಕ್ಷಕನಿಗೆ ಅದು ತಪ್ಪೆಂದೇ ತಿಳಿಯದು. ಅದನ್ನು ಹಿಡಿಯಬಲ್ಲವರು ನಮ್ಮ ಮಕ್ಕಳು. ಹಿಡಿದ ಮೇಲೆ “ಕನ್ನಡ ಸರಿಯಿಲ್ಲ” ಎಂದಷ್ಟೇ ಬರೆದರೆ ಪ್ರಯೋಜನವಿಲ್ಲ. ಯಾವ ಆವೃತ್ತಿ, ಯಾವ ತಂತ್ರಾಂಶ, ಯಾವ ಅಕ್ಷರಶೈಲಿ, ಏನನ್ನು ಟೈಪು ಮಾಡಿದಾಗ ಏನು ಕಾಣಿಸಿತು, ಏನು ಕಾಣಿಸಬೇಕಾಗಿತ್ತು ಎಂಬುದನ್ನು ತೆರೆಯ ಚಿತ್ರದೊಡನೆ ಬರೆಯಬೇಕು. ಬಳಿಕ ಸಹಪಾಠಿಗಳೂ ಅದೇ ದೋಷವನ್ನು ತಮ್ಮಲ್ಲಿ ಕಂಡು ಅನುಮೋದಿಸಬೇಕು. ಒಬ್ಬಿಬ್ಬರ ಮಾತು 2018ರಲ್ಲಿ ಏನಾಯಿತೆಂಬುದನ್ನು ಆಗಲೇ ಹೇಳಿದೆ.

ಆ ಹುಡುಗರು ಬರುವ ಶನಿವಾರ ಒಂದು ಖಾಲಿ ಪೆನ್ ಡ್ರೈವ್ ಹಿಡಿದುಕೊಂಡು ನಮ್ಮ ಮನೆಗೆ ಬರಲಿ. ಜೊತೆಗೆ ಆ ತಂದೆಯವರೂ ಬಂದರೆ ಸಂತೋಷ.