ವಾಣಿಜ್ಯಕ್ಕೊಂದು ಡಾಕ್ಟರೇಟ್: ಒಂದು ಪದವಿಯ ಪೂರ್ವೋತ್ತರ



ವ್ಯಾಪಾರವೆಂಬುದು ಮಾಡಿ ಕಲಿಯತಕ್ಕ ವಿದ್ಯೆ, ಅದರಲ್ಲಿ ಗ್ರಂಥಗಳನ್ನು ಶೋಧಿಸಿ ಅರಿಯುವುದೇನಿದೆ ಎಂಬ ಮಾತು ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವರಿಂದ ಮಾತ್ರವಲ್ಲ, ವಿದ್ಯಾಪೀಠಗಳ ಪಂಡಿತರಿಂದಲೂ ಬಹುಕಾಲ ಕೇಳಿಬರುತ್ತಿದ್ದಿತು. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದಲ್ಲಿ ಜೋಸೆಫ್ ವಾರ್ಟನ್ ಎಂಬ ಉದ್ಯಮಿಯ ದ್ರವ್ಯದಾನದಿಂದ 1881ರಲ್ಲಿ ವಾಣಿಜ್ಯಶಾಲೆಯೊಂದು ಸ್ಥಾಪಿತವಾದುದು ಸರಿಯೇ. ಆದರೆ ಈ ವಿಷಯದಲ್ಲಿಯೇ ಪಿಎಚ್.ಡಿ. ವ್ಯಾಸಂಗಕ್ಕೆ ಷಿಕಾಗೋ ವಿಶ್ವವಿದ್ಯಾನಿಲಯವು ಬಾಗಿಲು ತೆರೆಯುವ ವೇಳೆಗೆ 1920 ಬಂದಿದ್ದಿತು. ಅಲ್ಲಿಯೇ 1929ರಲ್ಲಿ ಅರ್ಸುಲಾ ಬ್ಯಾಚೆಲ್ಡರ್ ಸ್ಟೋನ್ ಎಂಬ ಮಹಿಳೆಯು ಆ ಪದವಿಯನ್ನು ಪಡೆದರು.

ಹಾರ್ವರ್ಡಿನ ವೃತ್ತಾಂತವು ಇನ್ನೂ ಸ್ವಾರಸ್ಯವಾದುದು. ಅಲ್ಲಿಯ ವಾಣಿಜ್ಯಶಾಲೆ 1908ರಲ್ಲಿ ಜನಿಸಿತು, ಆದರೆ ಪಿಎಚ್.ಡಿ.ಯನ್ನು ಪ್ರದಾನಮಾಡುವ ಅಧಿಕಾರವು ಕಲಾ ವಿಜ್ಞಾನ ನಿಕಾಯಕ್ಕೆ ಮೀಸಲಾಗಿದ್ದುದರಿಂದ, ಶಾಲೆಯವರು ತಮ್ಮದೇ ಆದ ಡಾಕ್ಟರ್ ಪದವಿಯನ್ನು ಸೃಷ್ಟಿಸಿಕೊಳ್ಳಬೇಕಾಯಿತು. 1953ರಿಂದ ಅದು ಡಿ.ಬಿ.ಎ. (ಡಾಕ್ಟರ್ ಆಫ್ ಬಿಸಿನೆಸ್ ಅಡ್ಮಿನಿಸ್ಟ್ರೇಷನ್) ಎಂಬ ಹೆಸರಿನಿಂದ ಪ್ರಖ್ಯಾತವಾಯಿತು. ಕೊಯಮತ್ತೂರಿನಲ್ಲಿ ಹುಟ್ಟಿದ ವ್ಯವಸ್ಥಾಪನ ಚಿಂತಕ ಸಿ. ಕೆ. ಪ್ರಹ್ಲಾದರು 1975ರಲ್ಲಿ ಸಂಪಾದಿಸಿದುದು ಇದನ್ನೇ.

1959ರಲ್ಲಿ ಫೋರ್ಡ್ ಪ್ರತಿಷ್ಠಾನ ಮತ್ತು ಕಾರ್ನೆಗಿ ಸಂಸ್ಥೆಗಳ ಆಶ್ರಯದಲ್ಲಿ ಎರಡು ವರದಿಗಳು ಪ್ರಕಟವಾಗಿ, ವಾಣಿಜ್ಯಶಾಲೆಗಳ ಬೋಧನೆಯು ಕೇವಲ ಕಸುಬಿನ ಪಾಠವೆಂದೂ ಸಂಶೋಧನೆಯು ದುರ್ಬಲವೆಂದೂ ನಿಷ್ಠುರವಾಗಿ ಹೇಳಿದುವು. ಅಂದಿನಿಂದ ಗಣಿತ, ಅರ್ಥಶಾಸ್ತ್ರ, ಮನಶ್ಶಾಸ್ತ್ರಗಳು ಈ ಶಾಲೆಗಳನ್ನು ತುಂಬಿಕೊಂಡುವು. ಅದಕ್ಕೆ ಮೊದಲೇ ಹರ್ಬರ್ಟ್ ಸೈಮನ್ನರು ಷಿಕಾಗೋದಲ್ಲಿ ರಾಜ್ಯಶಾಸ್ತ್ರಕ್ಕೆಂದು ಬರೆದ ಪ್ರಬಂಧವು 1947ರಲ್ಲಿ ಆಡಳಿತಗಾರನ ವರ್ತನೆಯನ್ನು ಕುರಿತ ಗ್ರಂಥವಾಗಿ ಹೊರಬಂದಿದ್ದಿತು. ಮನುಷ್ಯನು ಸರ್ವೋತ್ತಮವಾದುದನ್ನೇ ಆರಿಸುವನೆಂಬ ಶಾಸ್ತ್ರಕಾರರ ನಂಬಿಕೆಗೆ ಪ್ರತಿಯಾಗಿ, ಅಲ್ಪವಾದ ತಿಳಿವು ಅಲ್ಪವಾದ ಕಾಲಗಳೊಳಗೆ ಸಾಕೆನಿಸಿದುದಕ್ಕೆ ಅವನು ತೃಪ್ತನಾಗುವನೆಂದು ಅವರು ಪ್ರತಿಪಾದಿಸಿದರು. 1978ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. ಅನಂತರ ಬಂದ ಎಲ್ಲ ಪ್ರಬಂಧಗಳಿಗೂ ಈ ಭಾಗ್ಯವಿಲ್ಲ. ಸಮೀಕರಣಗಳ ಕಾಡಿನಲ್ಲಿ ವರ್ತಕನೇ ದಾರಿತಪ್ಪುವಂಥವು ಎಷ್ಟೋ ಇವೆ.

ಹಾರ್ವರ್ಡಿನ ಸಹಕಾರದಿಂದ 1961ರಲ್ಲಿ ಅಹಮದಾಬಾದಿನಲ್ಲಿ ಸ್ಥಾಪಿತವಾದ ಐಐಎಂ (ಭಾರತೀಯ ವ್ಯವಸ್ಥಾಪನ ಸಂಸ್ಥೆ)ಗೂ ಪದವಿ ನೀಡುವ ಅಧಿಕಾರವಿಲ್ಲದ, ಹೆಚ್ಚುಕಡಮೆ ಹಾರ್ವರ್ಡಿನ ವಾಣಿಜ್ಯಶಾಲೆಯಂಥದೇ ಸಂಕಟ ಒದಗಿತು. ಕಾನೂನಿನ ದೃಷ್ಟಿಯಲ್ಲಿ ಅದು ವಿಶ್ವವಿದ್ಯಾನಿಲಯವಾಗಿರದೆ ನೋಂದಾಯಿತ ಸಂಘವಾಗಿದ್ದುದರಿಂದ, 1971ರಲ್ಲಿ ಅಲ್ಲಿ ಆರಂಭವಾದ ಸಂಶೋಧನ ವ್ಯಾಸಂಗವನ್ನು ಮುಗಿಸಿದವರಿಗೆ ‘ಫೆಲೋ’ ಎಂಬ ಬಿರುದೇ ಹೊರತು ಡಾಕ್ಟರ್ ಪದವಿಯಿರಲಿಲ್ಲ. ತರಗತಿಯ ಪಾಠ, ಸಮಗ್ರ ಪರೀಕ್ಷೆ, ಮಹಾಪ್ರಬಂಧ, ಅದರ ಸಮರ್ಥನೆ ಇವೆಲ್ಲವನ್ನೂ ದಾಟಿದ ವ್ಯಕ್ತಿಯು ಮದುವೆಯ ಲಗ್ನಪತ್ರಿಕೆಯಲ್ಲಿ ತನ್ನ ಹೆಸರಿನ ಮುಂದೆ ‘ಡಾ.’ ಎಂದು ಅಚ್ಚುಹಾಕಿಸಬಹುದೋ ಬಾರದೋ ಎಂಬ ಜಿಜ್ಞಾಸೆ ನಮ್ಮ ದೇಶದಲ್ಲಿ ಸಣ್ಣದೇನಲ್ಲ! 1973ರಲ್ಲಿ ಹುಟ್ಟಿದ ಬೆಂಗಳೂರಿನ ಐಐಎಂ ಸಂಸ್ಥೆಯದೂ ಇದೇ ಪಾಡು. ಸಂಸತ್ತು 2017ರಲ್ಲಿ ಅಂಗೀಕರಿಸಿದ ಐಐಎಂ ಅಧಿನಿಯಮವು 2018ರ ಜನವರಿ 31ರಂದು ಜಾರಿಗೆ ಬಂದ ಮೇಲೆಯೇ ಈ ಸಂಸ್ಥೆಗಳಿಗೆ ಪಿಎಚ್.ಡಿ.ಯನ್ನು ಪ್ರದಾನಮಾಡುವ ಅಧಿಕಾರ ಪ್ರಾಪ್ತವಾದುದು.

ಕಾಕತಾಳೀಯವೋ ಏನೋ, ಅದೇ 2018ರಲ್ಲಿ ಹಾರ್ವರ್ಡಿನವರೂ ತಮ್ಮ ಡಿ.ಬಿ.ಎ.ಯನ್ನು ಪಿಎಚ್.ಡಿ.ಯಾಗಿ ಮಾರ್ಪಡಿಸಿದರು. ಅವರು ಕೈಬಿಟ್ಟ ಆ ಪದವಿಯನ್ನಾದರೋ ಬ್ರಿಟನ್ ಮತ್ತು ಆಸ್ಟ್ರೇಲಿಯಾಗಳ ವಿಶ್ವವಿದ್ಯಾನಿಲಯಗಳು, ಉದ್ಯೋಗವನ್ನು ಬಿಡದೆ ತಮ್ಮ ಕಾರ್ಯಕ್ಷೇತ್ರದ ಸಮಸ್ಯೆಯನ್ನೇ ಸಂಶೋಧಿಸಬಯಸುವ ಹಿರಿಯ ಅಧಿಕಾರಿಗಳಿಗೆ ಈಗ ನೀಡುತ್ತಿವೆ.